ಹಾಲ್ಗೆರೆಗೆ ಗಾಳಿ ಮರಳಿದ ಕತೆ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಎಳೆಯವಾಗಿದ್ದು ವರ್ಷವರ್ಷವೂ ಒಂದಿಷ್ಟು ಬೆಳೆಯುತ್ತಿದ್ದ ಕಾಲದಲ್ಲಿ, ಹಾಲ್ಗೆರೆ ಎಂಬ ರಾಜ್ಯವಿತ್ತು. ಅದರ ನಡುವೆ ಒಂದು ದೊಡ್ಡ ಕೆರೆ. ಬೆಳಗಿನ ಹೊತ್ತು ಆ ನೀರು ಹಾಲಿನಂತೆ ಬೆಳ್ಳಗೆ ಕಾಣುತ್ತಿತ್ತು. ತೆಂಕಣ ದಡದಲ್ಲಿ ಮೀನು ಹಿಡಿಯುವ ದೋಣಿಯವರಿದ್ದರು. ಪಡುವಣ ದಡದಲ್ಲಿ ಮಣ್ಣು ತುಳಿಯುವ ಮಡಕೆಯವರಿದ್ದರು. ಬಡಗಣ ಗುಡ್ಡಗಳಲ್ಲಿ ಕುರಿ ಮೇಯಿಸುವ ಗುಡ್ಡದವರಿದ್ದರು. ಅವರ ನುಡಿಯೇ ಬೇರೆ, ಅರ್ಧ ಮಾತು, ಅರ್ಧ ಸಿಳ್ಳೆ. ಮೂಡಣದ ಕೋಟೆಯೊಳಗೆ ಅರಸ ಕೇತರಸನೂ ಅವನ ಪರಿವಾರವೂ ಇದ್ದರು.

ಆ ರಾಜ್ಯದಲ್ಲಿ ಗಾಳಿ ಬೀಸುತ್ತಿರಲಿಲ್ಲ.

ಎಲೆ ಅಲ್ಲಾಡುತ್ತಿರಲಿಲ್ಲ. ದೋಣಿಯ ಹಾಯಿ ಉಬ್ಬುತ್ತಿರಲಿಲ್ಲ. ಮಡಕೆ ಸುಡುವ ಆವಿಗೆಯ ಹೊಗೆ ಮೇಲೇಳಲಾರದೆ ಅಂಗಳದಲ್ಲೇ ಬೆಕ್ಕಿನಂತೆ ಮಲಗುತ್ತಿತ್ತು. ಹೂವಿನ ಗಂಧ ಹೂವಿನಲ್ಲೇ ಉಳಿಯುತ್ತಿತ್ತು. ಒಂದು ಕೇರಿಗೂ ಇನ್ನೊಂದು ಕೇರಿಗೂ ನಡುವೆ ಬಿಳಿ ಮಂಜಿನ ಗೋಡೆ ಎದ್ದು ನಿಂತಿತ್ತು. ಬಿಸಿಲಿಗೂ ಕರಗದ ಗೋಡೆ. ಅದರ ಆಚೆ ಮನುಷ್ಯರಿದ್ದಾರೆಂದು ಮಕ್ಕಳಿಗೆ ಯಾರೂ ಹೇಳುತ್ತಿರಲಿಲ್ಲ. ಮೃಗಗಳಿವೆ ಎಂದು ಹೇಳುತ್ತಿದ್ದರು.

"ಗುಡ್ಡದವರು ಗಾಳಿಯನ್ನು ಕಣಿವೆಯಲ್ಲಿ ಕೂಡಿಹಾಕಿದ್ದಾರೆ" ಎಂದರು ದೋಣಿಯವರು. "ಮಡಕೆಯವರು ಗುಡಾಣಗಳಲ್ಲಿ ತುಂಬಿ ಬಾಯಿ ಕಟ್ಟಿದ್ದಾರೆ" ಎಂದರು ಗುಡ್ಡದವರು. "ಕೋಟೆಯವರು ಬೀಸಣಿಗೆ ಬೀಸಿ ಬೀಸಿ ಮುಗಿಸಿಬಿಟ್ಟರು" ಎಂದರು ಮಡಕೆಯವರು. "ದೋಣಿಯವರು ಬಲೆ ಹಾಕಿ ಹಿಡಿದು ಕೆರೆಯಲ್ಲಿ ಮುಳುಗಿಸಿದ್ದಾರೆ" ಎಂದರು ಕೋಟೆಯವರು. ಹೀಗೆ ಅಂದು ಕೆಳಗಿನವರೆಲ್ಲ ಕೆಮ್ಮಿದರು.

ಕೇತರಸನಿಗೆ ಒಬ್ಬಳೇ ಮಗಳು, ಜಕ್ಕಲೆ. ಇನ್ನೂ ಹರೆಯ. ಒಂದು ಬೆಳಗ್ಗೆ ಅರಸ ಅವಳನ್ನು ಹತ್ತಿರ ಕರೆದ. ಅವನ ಎದೆ ತಿದಿಯಂತೆ ಏರಿಳಿಯುತ್ತಿತ್ತು.

"ಮಗಳೇ, ನನಗೆ ಉಸಿರು ಸಾಲುತ್ತಿಲ್ಲ. ಇನ್ನು ರಾಜ್ಯ ನಿನ್ನದು."

"ಯಾವ ರಾಜ್ಯ ಅಪ್ಪಾಜಿ? ಈ ಕೋಟೆಯ ಆಚೆ ಯಾರಿದ್ದಾರೆ ಅಂತ ನಾನು ನೋಡಿಯೇ ಇಲ್ಲವಲ್ಲ" ಎಂದಳು ಜಕ್ಕಲೆ.

ಅರಸ ದಿಂಬಿಗೆ ಒರಗಿದ. ಆಮೇಲೆ ಹೇಳಿದ. "ನೀನು ತೊಟ್ಟಿಲಲ್ಲಿದ್ದಾಗ ಒಂದು ಕೆಟ್ಟ ಜ್ವರ ಬಂತು. ಎಲ್ಲ ಕೇರಿಯಲ್ಲೂ ಜನ ಸತ್ತರು. ಜ್ವರ ತಂದವರು ನೀವು, ನೀವು ಅಂತ ಒಬ್ಬರ ಮೇಲೊಬ್ಬರು ಹಾಕಿದರು. ಆಗ ಮಬ್ಬರಾಯ ಬಂದ. ಬೂದು ಬಣ್ಣದ ಮುದುಕ. ನಡೆದರೆ ಹೆಜ್ಜೆ ಮೂಡುತ್ತಿರಲಿಲ್ಲ. 'ಕೇರಿ ಕೇರಿಗೂ ನಡುವೆ ಗೋಡೆ ಎಬ್ಬಿಸುತ್ತೇನೆ, ಜ್ವರ ದಾಟುವುದಿಲ್ಲ' ಅಂದ. ನಾನು ಹೂಂ ಅಂದೆ. ಅಂದೇ ಗಾಳಿ ನಿಂತಿತು. ತನ್ನ ಹೊಗೆಬೆಟ್ಟದಲ್ಲಿ ಗಾಳಿಯನ್ನು ಕಟ್ಟಿಹಾಕಿದ್ದಾನೆ ಅಂತ ಆಮೇಲೆ ತಿಳಿಯಿತು. ಬಿಡಿಸಲು ಹೋದವರು ತಿರುಗಿ ಬರಲಿಲ್ಲ."

"ಹಾಗಾದರೆ ನಾನು ಹೋಗುತ್ತೇನೆ" ಎಂದಳು ಜಕ್ಕಲೆ.

ಕೋಟೆಯ ದಳವಾಯಿ ದಂಡು ಕಳಿಸುತ್ತೇನೆ ಎಂದ. ಅವಳು ಬೇಡವೆಂದಳು. "ದಂಡು ನೋಡಿದರೆ ಆಚೆಯವರು ಮಾತಾಡುವುದಿಲ್ಲ, ಓಡುತ್ತಾರೆ, ಇಲ್ಲವೇ ಹೊಡೆಯುತ್ತಾರೆ." ಸೊಂಟಕ್ಕೆ ಒಂದು ಕತ್ತಿ ಸಿಕ್ಕಿಸಿ, ಹೋಳಿಗೆಯ ಗಂಟು ಹಿಡಿದು, ಒಬ್ಬಳೇ ಮಂಜಿನೊಳಕ್ಕೆ ನಡೆದಳು.

ಮಂಜಿನ ಒಳಗೆ ಸದ್ದಿರಲಿಲ್ಲ. ನೆಲ ಹತ್ತಿಯ ಹಾಗಿತ್ತು. ನಡೆದರೆ ನಡೆದಂತೆ ಅನಿಸುತ್ತಿರಲಿಲ್ಲ, ತೇಲಿದಂತೆ ಅನಿಸುತ್ತಿತ್ತು. ಸ್ವಲ್ಪ ದೂರ ಹೋದಾಗ ಎದುರಿಗೆ ಒಂದು ಮೃಗ ನಿಂತಿತ್ತು. ಮೈತುಂಬ ಮೀನಿನ ಹುರುಪೆ, ರೆಪ್ಪೆಯಿಲ್ಲದ ಕಣ್ಣು, ಕೈಯಲ್ಲಿ ಮುಳ್ಳಿನ ಈಟಿ. ಮೃಗ ಈಟಿ ಎತ್ತಿತು. ಜಕ್ಕಲೆ ಕತ್ತಿ ಎಳೆದಳು. ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

ಮೃಗ ಈಟಿಯನ್ನು ಕೆಳಗಿಳಿಸಿತು. "ಏಯ್, ನೀನು ಮನುಷ್ಯರ ಹಾಗೆ ಕೆಮ್ಮುತ್ತೀಯಲ್ಲ!" ಎಂದಿತು. ಹಾಗೆಂದು ತಾನೂ ಕೆಮ್ಮಿತು.

ಕೆಮ್ಮು ಕೇಳಿದೊಡನೆ ಹುರುಪೆ ಉದುರಿದವು, ಕಣ್ಣಿಗೆ ರೆಪ್ಪೆ ಬಂತು. ಅಲ್ಲಿ ಮೃಗವಿರಲಿಲ್ಲ. ಮೀನಿನ ಈಟಿ ಹಿಡಿದ ಒಬ್ಬ ತರುಣ ನಿಂತಿದ್ದ.

"ನಾನು ದೋಣಿಯವರ ಜಟ್ಟಿಗ" ಎಂದ. "ನೀನು ನನಗೆ ಚಿನ್ನದ ಹೆಡೆಯ ಹಾವಾಗಿ ಕಂಡೆ. ಕೋಟೆಯವರೆಲ್ಲ ಹಾಗೇ ಅಂತ ನಮ್ಮಲ್ಲಿ ಹೇಳುತ್ತಾರೆ."

"ನೀನು ನನಗೆ ದೊಡ್ಡ ಮೀನಾಗಿ ಕಂಡೆ" ಎಂದಳು ಜಕ್ಕಲೆ. ಇಬ್ಬರೂ ನಕ್ಕರು. ಎಲ್ಲಿಗೆ ಹೊರಟೆ ಎಂದು ಅವಳು ಕೇಳಿದಳು. "ಗಾಳಿ ಹುಡುಕಲು" ಎಂದ ಅವನು. ಇಬ್ಬರೂ ಕೂಡಿ ನಡೆದರು.

ಇನ್ನೂ ಸ್ವಲ್ಪ ದೂರ ಹೋದಾಗ ಎರಡನೆಯ ಮೃಗ ಸಿಕ್ಕಿತು. ಮಣ್ಣಿನ ಮೈ, ಬಾಯಿಂದ ಹೊಗೆ. ಅದೂ ಕೆಮ್ಮಿತು. ಕೆಮ್ಮಿದೊಡನೆ ಮಣ್ಣು ಉದುರಿ ಒಬ್ಬ ತರುಣನಾಯಿತು. ಮಡಕೆಯವರ ಚೆನ್ನಿಗ. ಬೆನ್ನ ಮೇಲೆ ಅಂಬಲಿಯ ಗಡಿಗೆ ಹೊತ್ತಿದ್ದ. ಅವನೂ ಗಾಳಿ ಹುಡುಕಿಯೇ ಹೊರಟಿದ್ದ. ಜಕ್ಕಲೆ ಕೋಟೆಯವಳು ಎಂದು ತಿಳಿದಾಗ ಮಾತ್ರ ಅವನು ಮುಖ ಗಂಟಿಕ್ಕಿದ. ಬರುತ್ತೇನೆ ಎಂದ. ಆದರೆ ಅವಳಿಂದ ದೂರದಲ್ಲೇ ನಡೆದ.

ಮೂರನೆಯ ಮೃಗ ಕೆಮ್ಮಲಿಲ್ಲ. ತಿರುಚಿದ ಕೊಂಬು, ಮೈತುಂಬ ಕಪ್ಪು ಜಡೆ. ಜಟ್ಟಿಗ ಈಟಿ ಎತ್ತಿದ. "ಇದು ಕೆಮ್ಮುತ್ತಿಲ್ಲ. ಇದು ನಿಜವಾದ ಮೃಗವೇ."

"ತಾಳು" ಎಂದಳು ಜಕ್ಕಲೆ. ಮೃಗದ ತೊಡೆಯ ಮೇಲೆ ಒಂದು ಕುರಿಮರಿ ಮಲಗಿತ್ತು. ಮೃಗ ಅದರ ಗೊರಸಿನಿಂದ ಮುಳ್ಳು ತೆಗೆಯುತ್ತಿತ್ತು. ಮುಳ್ಳು ಬಂದಮೇಲೆ ಆ ಜಾಗಕ್ಕೆ ಉಫ್ ಎಂದು ಊದಿತು. "ಮರಿಯ ಮುಳ್ಳು ತೆಗೆದು ಊದುವುದು ಮೃಗವಲ್ಲ."

ಹಾಗೆ ಅಂದದ್ದೇ ತಡ, ಕೊಂಬು ಮಾಯವಾಯಿತು. ಕಂಬಳಿ ಹೊದ್ದ ಒಬ್ಬ ಹುಡುಗಿ ಅವರನ್ನು ನೋಡುತ್ತಿದ್ದಳು. ಗುಡ್ಡದವರ ಮಾಳವ್ವ. ಆವಿಗೆಯ ಹೊಗೆ ಗುಡ್ಡಕ್ಕೆ ಏರುತ್ತಿರಲಿಲ್ಲ, ಅದಕ್ಕೇ ಅವಳಿಗೆ ಕೆಮ್ಮಿರಲಿಲ್ಲ. ಕೆಳಗಿನವರ ಮಾತು ಅವಳಿಗೆ ಒಂದಿಷ್ಟು ಬರುತ್ತಿತ್ತು. ಮರಿಯನ್ನು ತನ್ನ ಗುಡ್ಡದ ಕಡೆಗೆ ತಿರುಗಿಸಿ ಒಂದು ಸಿಳ್ಳೆ ಹಾಕಿದಳು. ಅದು ಮನೆಯತ್ತ ಓಡಿತು. "ಗಾಳಿ ಬೇಕು. ನಾನು ಬರ್ತೀನಿ" ಎಂದಳು.

ಮಂಜು ಮುಗಿದಲ್ಲಿ ಹೊಗೆಬೆಟ್ಟ ಶುರುವಾಯಿತು. ಬೆಟ್ಟದ ಕಣಿವೆಬಾಯಲ್ಲಿ ಒಂದು ಕಲ್ಲುಹುಲಿ ಅಡ್ಡಲಾಗಿ ಮಲಗಿತ್ತು. ಅದರ ಸುತ್ತ ಬಹಳ ಮಂದಿ ಕಲ್ಲಾಗಿ ನಿಂತಿದ್ದರು. ಹುಲಿ ಕಣ್ಣು ತೆರೆಯಿತು. ಮಾತಾಡಿದಾಗ ಬಂಡೆ ಉರುಳಿದಂತೆ ಕೇಳಿಸಿತು.

"ನಿಮ್ಮಲ್ಲಿ ಎಲ್ಲರಿಗಿಂತ ಕೀಳು ಯಾರೋ ಅವರನ್ನು ನನಗೆ ಕೊಡಿ. ಉಳಿದವರು ದಾಟಿ ಹೋಗಿ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಗ ಮಾಳವ್ವ ಕಂಬಳಿ ಕೊಡವಿ ಮುಂದೆ ಬಂದಳು.

"ನಿಮ್ಮ ಮಾತು ನನಗೆ ಪೂರಾ ಬರಲ್ಲ. ನನ್ನ ಮಾತು ನಿಮಗೆ ಒಂದೂ ಬರಲ್ಲ. ಹಾಗಾದ್ರೆ ನಾನೇ ಅಲ್ವಾ?" ಎಂದು ಹುಲಿಯ ಕಡೆಗೆ ನಡೆದಳು.

ಜಕ್ಕಲೆ ಓಡಿಹೋಗಿ ಅವಳ ಕೈ ಹಿಡಿದಳು. "ಬಾ, ಕೂತುಕೋ. ಯಾರೂ ಹೋಗುವುದು ಬೇಡ."

"ಮತ್ತೆ ದಾಟೋದು ಹೇಗೆ?" ಎಂದ ಜಟ್ಟಿಗ.

"ಗೊತ್ತಿಲ್ಲ. ಹೊಟ್ಟೆ ಹಸಿದಿದೆ. ಮೊದಲು ಉಣ್ಣೋಣ."

ಹುಲಿಯ ಮೂಗಿನ ಕೆಳಗೇ ನಾಲ್ವರೂ ಸುತ್ತ ಕೂತರು. ಜಟ್ಟಿಗ ಒಣಮೀನು ತೆಗೆದ. ಚೆನ್ನಿಗ ಅಂಬಲಿ ಬಗ್ಗಿಸಿದ. ಮಾಳವ್ವ ಕುರಿಹಾಲಿನ ಮೊಸರಿನ ಕುಡಿಕೆ ಇಟ್ಟಳು. ಜಕ್ಕಲೆ ಹೋಳಿಗೆಯ ಗಂಟು ಬಿಚ್ಚಿದಳು. ಒಣಮೀನಿನ ವಾಸನೆ ಅವಳಿಗೆ ಹೊಸದು. ಅವಳು ತಿನ್ನಲಿಲ್ಲ, ಆದರೆ ಎದ್ದು ದೂರವೂ ಹೋಗಲಿಲ್ಲ. ಮಾಳವ್ವ ಹೋಳಿಗೆಯನ್ನು ಮೊಸರಿನಲ್ಲಿ ಅದ್ದಿ ತಿಂದಳು. ಅದನ್ನು ನೋಡಿ ಎಲ್ಲರೂ ಹಾಗೇ ತಿಂದರು.

ಕಲ್ಲುಹುಲಿ ನೋಡುತ್ತಲೇ ಇತ್ತು. ಕೊನೆಗೆ ಕೇಳಿತು. "ನನಗೆ?"

ಜಕ್ಕಲೆ ಒಂದು ಹೋಳಿಗೆಯನ್ನು ಅದರ ನಾಲಿಗೆಯ ಮೇಲಿಟ್ಟಳು. ಜಟ್ಟಿಗ ಮೀನು ಇಟ್ಟ. ಚೆನ್ನಿಗ ಅಂಬಲಿ ಸುರಿದ. ಮಾಳವ್ವ ಕುಡಿಕೆಯನ್ನೇ ಬಾಯಿಗೆ ಹಿಡಿದಳು. ಹುಲಿಯ ಕಲ್ಲುಮೈ ಬೆಚ್ಚಗಾಯಿತು. ಬಂಡೆಯ ಮೇಲೆ ಕೂದಲು ಮೊಳೆತವು, ಪಟ್ಟೆಗಳು ಮೂಡಿದವು.

"ಇಲ್ಲಿಗೆ ಬಂದವರೆಲ್ಲ ನನಗೆ ತಮ್ಮವರನ್ನೇ ಕೊಟ್ಟರು. ಊಟ ಕೊಟ್ಟವರು ನೀವೇ" ಎಂದಿತು ಹುಲಿ. "ಕೊಟ್ಟವರೂ ಮುಂದೆ ಹೋಗಲಿಲ್ಲ. ಎರಡು ಹೆಜ್ಜೆ ಇಟ್ಟು ಅವರೂ ಕಲ್ಲಾದರು. ಬನ್ನಿ, ಬೆನ್ನ ಮೇಲೆ ಕೂರಿ."

ಬೆಟ್ಟ ಹತ್ತುತ್ತ ಹುಲಿ ಎಲ್ಲವನ್ನೂ ಹೇಳಿತು. "ಮಬ್ಬರಾಯ ಹೊಗೆಯಿಂದ ಹುಟ್ಟಿದವನು. ಗಾಳಿ ಬೀಸಿದರೆ ಅವನು ಉಳಿಯುವುದಿಲ್ಲ. ಅದಕ್ಕೇ ಗಾಳಿ ಎಬ್ಬಿಸುವ ಗಾಳಿಕುದುರೆಯನ್ನು ಕಟ್ಟಿದ್ದಾನೆ. ಒಂದು ಕೇರಿಯವರು ಇನ್ನೊಂದು ಕೇರಿಯ ಮೇಲೆ ಆಡಿದ ಮಾತುಗಳನ್ನು ಆಯ್ದು ತಂದು, ಒಂದೊಂದನ್ನೂ ಎಳೆ ಮಾಡಿ, ಹಗ್ಗ ಹೊಸೆದಿದ್ದಾನೆ. ಅದನ್ನು ಕತ್ತಿಯಿಂದ ಕಡಿಯಬೇಡಿ, ಕಡಿದರೆ ಎರಡಾಗುತ್ತದೆ. ಯಾರ ಮೇಲೆ ಆಡಿದ ಮಾತೋ ಅವರೇ ಆ ಎಳೆ ಹಿಡಿದು, ಮಾತನ್ನು ಕೊನೆಯವರೆಗೆ ಕೇಳಿ, ತಮ್ಮ ಕೈಯಾರೆ ಬಿಚ್ಚಬೇಕು."

ಬೆಟ್ಟದ ಹೊಟ್ಟೆಯಲ್ಲಿ ಗಾಳಿಕುದುರೆ ನಿಂತಿತ್ತು. ಮೋಡದಷ್ಟು ದೊಡ್ಡದು, ಮೋಡದಷ್ಟೇ ಹಗುರ. ಅದರ ಕಣ್ಣಲ್ಲಿ ಹಕ್ಕಿಗಳು ಹಾರಾಡುತ್ತಿದ್ದವು. ಕೊರಳಿಗೆ ಆಲದ ಬೊಡ್ಡೆಯಷ್ಟು ದಪ್ಪ ಹಗ್ಗ. ಹಗ್ಗದ ತುಂಬ ಪಿಸುಮಾತು. ಪಕ್ಕದಲ್ಲಿ ಮಬ್ಬರಾಯ ಕೂತು ಇನ್ನಷ್ಟು ಹೊಸೆಯುತ್ತಿದ್ದ.

"ಬನ್ನಿ ಮಕ್ಕಳೇ" ಎಂದ, ಬಹಳ ಪ್ರೀತಿಯಿಂದ. "ಬಿಚ್ಚಿ. ನಾನು ತಡೆಯುವುದಿಲ್ಲ."

ಮಾಳವ್ವ ಒಂದು ಎಳೆ ಹಿಡಿದಳು. ಎಳೆ ಮಾತಾಡಿತು. "ಗುಡ್ಡದವರೇ? ಅವರಿಗೆ ಮಾತೇ ಬರಲ್ಲ. ಕುರಿಗಳ ಜೊತೆ ಮಲಗಿ ಮಲಗಿ ಅವರೂ ಕುರಿಗಳೇ." ದನಿ ಜಟ್ಟಿಗನದು.

ಮಾಳವ್ವ ತಿರುಗಿ ನೋಡಿದಳು. ಜಟ್ಟಿಗನ ಕಿವಿ ಕೆಂಪಾಯಿತು. "ನಾನೇ ಅಂದದ್ದು. ನಿನ್ನನ್ನು ನೋಡಿರಲೇ ಇಲ್ಲ, ಆದರೂ ಅಂದೆ. ತಪ್ಪಾಯ್ತು ಮಾಳವ್ವ."

ಅವಳ ಕಣ್ಣು ತುಂಬಿತು. ತನ್ನ ನುಡಿಯಲ್ಲಿ ಏನೋ ಬೈದಳು. ಬೈದು ಮುಗಿಸಿ ಎಳೆ ಬಿಚ್ಚಿದಳು. ಅದು ಹೊಗೆಯಾಗಿ ಹೋಯಿತು. ಜಟ್ಟಿಗನೂ ಚೆನ್ನಿಗನೂ ತಮ್ಮ ತಮ್ಮ ಎಳೆ ಹಿಡಿದು, ಹಲ್ಲು ಕಚ್ಚಿ ಕೇಳಿ, ಬಿಚ್ಚಿದರು.

ಜಕ್ಕಲೆ ಹಿಡಿದ ಎಳೆಯಲ್ಲಿ ಒಬ್ಬ ಮುದುಕಿಯ ದನಿಯಿತ್ತು. "ಕೋಟೆಯವರ ಎದೆಯಲ್ಲಿರುವುದು ಕಲ್ಲು. ಜ್ವರದ ಕಾಲದಲ್ಲಿ ವೈದ್ಯ ಒಳಗಿದ್ದ. ನನ್ನ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲು ಬಡಿದೆ. ತೆರೆಯಲಿಲ್ಲ. ಮಗು ಬಾಗಿಲ ಹೊರಗೇ ಹೋಯಿತು."

"ನಮ್ಮ ಅಜ್ಜಿ" ಎಂದ ಚೆನ್ನಿಗ. "ಮಗು ನನ್ನ ತಂಗಿ."

ಜಕ್ಕಲೆ ಎಳೆಯುತ್ತಲೇ ಇದ್ದಳು. ಗಂಟು ಜಗ್ಗಲಿಲ್ಲ. ಮಬ್ಬರಾಯ ಮೆಲ್ಲಗೆ ನಕ್ಕ. ಇದು ಸುಳ್ಳು ಎಂದು ಅವಳು ಹೇಳಬಹುದಿತ್ತು. ಆಗ ನಾನು ತೊಟ್ಟಿಲಲ್ಲಿದ್ದೆ ಎಂದೂ ಹೇಳಬಹುದಿತ್ತು. ಅವಳು ಎರಡನ್ನೂ ಹೇಳಲಿಲ್ಲ.

"ನಿಜ" ಎಂದಳು. "ನಾವು ಬಾಗಿಲು ಹಾಕಿಕೊಂಡದ್ದು ನಿಜ."

ಗಂಟು ತಾನಾಗಿ ಸಡಿಲವಾಯಿತು. ಚೆನ್ನಿಗ ಮುಖ ತಿರುಗಿಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಬಂದು ಅವಳ ಪಕ್ಕದಲ್ಲಿ ನಿಂತ.

ಆದರೆ ಹಗ್ಗ ತೆಳ್ಳಗಾಗಿರಲಿಲ್ಲ. ಲೆಕ್ಕವಿಲ್ಲದಷ್ಟು ಎಳೆಗಳು ಇನ್ನೂ ಉಳಿದಿದ್ದವು. "ಇವು ನಮ್ಮ ಕೈಲಿ ಮುಗಿಯುವ ಕೆಲಸವಲ್ಲ" ಎಂದಳು ಜಕ್ಕಲೆ. "ಎಲ್ಲರನ್ನೂ ಕರೆತರಬೇಕು."

"ಕರೆತನ್ನಿ, ಕರೆತನ್ನಿ" ಎಂದ ಮಬ್ಬರಾಯ. "ದಾರಿಯಲ್ಲೇ ಹೊಡೆದಾಡಿಕೊಳ್ಳುತ್ತಾರೆ. ನನಗೆ ಹೊಸ ನಾರು ಸಿಗುತ್ತದೆ."

ಹುಲಿ ಅವರನ್ನು ಕೆಳಗಿಳಿಸಿತು. ಜಟ್ಟಿಗ ತನ್ನ ಕೇರಿಯ ಕಡೆ ಹೊರಟಾಗ ಜಕ್ಕಲೆ ತಡೆದಳು. "ನಮ್ಮವರನ್ನು ನಾವೇ ಕರೆದರೆ ನಮ್ಮ ಜೊತೆಗಷ್ಟೇ ನಡೆದು ಬರುತ್ತಾರೆ. ನಾನು ಮಡಕೆಯವರಲ್ಲಿಗೆ ಹೋಗುತ್ತೇನೆ. ನೀನು ಗುಡ್ಡಕ್ಕೆ ಹೋಗು."

"ನಾನು ಕೋಟೆಗೆ" ಎಂದಳು ಮಾಳವ್ವ. ಹಾಗಾದರೆ ತಾನು ದೋಣಿಯವರಲ್ಲಿಗೆ ಎಂದ ಚೆನ್ನಿಗ.

ಮಡಕೆಯವರ ಕೇರಿಯಲ್ಲಿ ಜಕ್ಕಲೆಯನ್ನು ನೋಡಿ ಜನ ಬಾಗಿಲು ಹಾಕಿಕೊಂಡರು. ಅವಳು ಚೆನ್ನಿಗನ ಮನೆ ಹುಡುಕಿ, ಹೊಸ್ತಿಲ ಹೊರಗೆ ನೆಲದ ಮೇಲೆ ಕೂತಳು. ಒಳಗೆ ಅಜ್ಜಿ ಸಂಕವ್ವ ತಿಗುರಿ ತಿರುಗಿಸುತ್ತಿದ್ದಳು. ಮಡಕೆ ಒಂದಾದ ಮೇಲೊಂದು ಎದ್ದವು.

"ನಿಮ್ಮ ಮೊಮ್ಮಗಳ ಹೆಸರೇನಿತ್ತು ಅಜ್ಜಿ?" ಎಂದು ಕೇಳಿದಳು ಜಕ್ಕಲೆ.

ತಿಗುರಿ ನಿಂತಿತು. "ನಿಂಗಿ" ಎಂದಳು ಸಂಕವ್ವ. "ಇಲ್ಲಿವರೆಗೆ ಕೋಟೆಯವರು ಯಾರೂ ಕೇಳಿರಲಿಲ್ಲ." ಆಮೇಲೆ ನಿಂಗಿ ಹೇಗೆ ನಗುತ್ತಿದ್ದಳು, ಹಸಿಮಡಕೆಗೆ ಬೆರಳು ಚುಚ್ಚಿ ಹೇಗೆ ಬೈಸಿಕೊಳ್ಳುತ್ತಿದ್ದಳು, ಎಲ್ಲ ಹೇಳಿದಳು. ಜಕ್ಕಲೆ ಕೇಳಿದಳು. ಕೇಳಿ ಮುಗಿದಮೇಲೆ ತಾನು ಬಂದ ಕೆಲಸ ಹೇಳಿದಳು.

ಸಂಕವ್ವ ಕೈ ತೊಳೆದುಕೊಂಡು ಎದ್ದಳು. "ಬರ್ತೀನಿ. ನಿನಗಾಗಿ ಅಲ್ಲ. ನನ್ನ ದುಃಖ ಆ ಹೊಗೆಯವನ ಕೈಯಲ್ಲಿ ಹಗ್ಗವಾಗಿತ್ತು ಅಂದೆಯಲ್ಲ. ಅದನ್ನ ನಾನು ಅವನಿಗೆ ಕೊಟ್ಟಿರಲಿಲ್ಲ."

ಅವಳು ಎದ್ದಮೇಲೆ ಕೇರಿಯೇ ಎದ್ದಿತು.

ಗುಡ್ಡದ ಮೇಲೆ ಜಟ್ಟಿಗನಿಗೆ ಒಂದು ಮಾತೂ ತಿಳಿಯಲಿಲ್ಲ. ಅವನು ನೆಲದ ಮೇಲೆ ಬೂದಿಯಿಂದ ಕುದುರೆ ಬರೆದ, ಹಗ್ಗ ಬರೆದ, ಕೈಮುಗಿದ. ಅವರು ನಕ್ಕರು, ಹಾಲು ಕೊಟ್ಟರು, ಕೋಲು ಹಿಡಿದು ಹೊರಟರು. ದೋಣಿಯವರು ಚೆನ್ನಿಗನನ್ನು ಮೊದಲು ಬಲೆಯಲ್ಲಿ ಸುತ್ತಿಟ್ಟರು. ಅವನು ಬಲೆಯೊಳಗಿಂದಲೇ ಎಲ್ಲ ಹೇಳಿದ. ಜಟ್ಟಿಗನ ಈಟಿಯ ಗುರುತು ಹೇಳಿದಮೇಲೆ ಬಿಚ್ಚಿದರು. ಕೋಟೆಯ ಬಾಗಿಲ ಮುಂದೆ ಮಾಳವ್ವ ನಿಂತು ಸಿಳ್ಳೆ ಹಾಕಿದಳು. ದಳವಾಯಿ ಬಾಗಿಲು ತೆರೆಯಲಿಲ್ಲ. ಅವಳು ಹಾಕುತ್ತಲೇ ಇದ್ದಳು. ಕೊನೆಗೆ ಒಳಗಿಂದ ಕೇತರಸನೇ "ತೆರೆಯಿರಿ" ಎಂದ. ಪಲ್ಲಕ್ಕಿಯಲ್ಲಿ ಕೂತು ತಾನೂ ಹೊರಟ.

ಮಂಜಿನೊಳಗೆ ನಾಲ್ಕು ಕೇರಿಯವರೂ ಒಂದಾದಾಗ ಒಬ್ಬರಿಗೊಬ್ಬರು ಮೃಗಗಳಾಗಿ ಕಂಡರು. ಕಿರುಚಾಟ ಎದ್ದಿತು. ಕಲ್ಲು ತೂರಿದರು. ಆಗ ನಾಲ್ವರು ಗೆಳೆಯರೂ ನಾಲ್ಕು ಕಡೆಯಿಂದ ಕೂಗಿದರು. "ಕೆಮ್ಮುವವರು ಕೆಮ್ಮಿ! ಸಿಳ್ಳೆ ಹಾಕುವವರು ಹಾಕಿ!" ಸಾವಿರ ಜನ ಕೆಮ್ಮಿದರು. ಸಿಳ್ಳೆ ಎದ್ದಿತು. ಹುರುಪೆ, ಕೊಂಬು, ಹೆಡೆ ಎಲ್ಲ ಉದುರಿ, ಅಲ್ಲಿ ಅಜ್ಜಿಯರು, ಗಂಡಸರು, ಹೆಂಗಸರು, ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತ ನಿಂತಿದ್ದರು.

ಆಮೇಲೆ ದೋಣಿಯವರು ಉದ್ದ ಬಲೆ ಬಿಚ್ಚಿದರು, ಎಲ್ಲರೂ ಅದರ ಅಂಚು ಹಿಡಿದರು. ಮಡಕೆಯವರು ಕೆಂಡದ ಗಡಿಗೆ ಹಿಡಿದು ಅಲ್ಲಲ್ಲಿ ಬೆಳಕು ಮಾಡಿದರು. ಗುಡ್ಡದವರು ಮುಂದೆ ನಡೆದು ಸಿಳ್ಳೆಯಲ್ಲಿ ದಾರಿ ತೋರಿದರು. ಕೋಟೆಯವರು ನಡೆಯಲಾರದವರನ್ನು ಪಲ್ಲಕ್ಕಿಗಳಲ್ಲಿ ಹೊತ್ತರು. ಹೀಗೆ ಒಂದು ಇಡೀ ರಾಜ್ಯ ಮಂಜಿನಲ್ಲಿ ತೇಲುತ್ತ ತೇಲುತ್ತ ಬೆಟ್ಟ ಹತ್ತಿತು.

ಮಬ್ಬರಾಯ ಅವರನ್ನು ನೋಡಿ ಮೊದಲ ಸಲ ಎದ್ದು ನಿಂತ.

ಬಿಚ್ಚುವ ಕೆಲಸ ಸುಲಭವಾಗಿರಲಿಲ್ಲ. ಹಗ್ಗದಿಂದ ಅತ್ತೆಯರ ದನಿ ಬಂತು, ಗೆಳೆಯರ ದನಿ ಬಂತು, ಸತ್ತವರ ದನಿಯೂ ಬಂತು. ಕೆಲವರು ಅತ್ತರು. ಕೆಲವರು ಕಿವಿ ಮುಚ್ಚಿಕೊಂಡರು, ಅವರ ಎಳೆ ಬಿಗಿಯಾಯಿತು. ಇಬ್ಬರು ಕೈಕೈ ಮಿಲಾಯಿಸಿ ನೆಲದ ಮೇಲೆ ಹೊರಳಾಡಿದರು. ಮಾಳವ್ವ ಅವರನ್ನು ಬೇರೆ ಬೇರೆ ಬಂಡೆಯ ಮೇಲೆ ಕೂರಿಸಿ ನೀರು ಕೊಟ್ಟಳು. ಸಿಟ್ಟಿಳಿದಮೇಲೆ ಮತ್ತೆ ಬಂದು ಹಿಡಿದರು. ಹಗ್ಗ ಬೊಡ್ಡೆಯಷ್ಟಿದ್ದದ್ದು ತೋಳಿನಷ್ಟಾಯಿತು, ತೋಳಿನಷ್ಟಿದ್ದದ್ದು ಬೆರಳಿನಷ್ಟಾಯಿತು. ಕೊನೆಗೆ ಒಂದೇ ಎಳೆ ಉಳಿಯಿತು.

ಆ ಎಳೆಯನ್ನು ಸಂಕವ್ವ ಹಿಡಿದಳು. ಅದರಲ್ಲಿದ್ದದ್ದು ಕೇತರಸನ ದನಿ. "ಹೊರಗಿನವರು ಸತ್ತರೆ ಸಾಯಲಿ. ಬಾಗಿಲು ತೆರೆಯಬೇಡಿ."

ಎಲ್ಲರೂ ಅರಸನನ್ನು ನೋಡಿದರು. ಸಂಕವ್ವ ಎಳೆಯನ್ನು ಕೈಬಿಟ್ಟಳು. "ಇದು ನನ್ನ ಕೈಲಿ ಆಗುವುದಿಲ್ಲ" ಎಂದಳು. ಮಬ್ಬರಾಯನ ಮುಖದಲ್ಲಿ ನಗು ಮರಳಿತು.

ಕೇತರಸ ಪಲ್ಲಕ್ಕಿಯಿಂದ ಇಳಿದು, ಉಸಿರಿಗಾಗಿ ಒದ್ದಾಡುತ್ತ, ಅವಳ ಮುಂದೆ ಮಂಡಿಯೂರಿ ಅತ್ತ. "ಆ ಮಾತು ಆಡಿದ್ದು ನಾನೇ. ಕ್ಷಮಿಸು ಅನ್ನುವ ಮುಖ ನನಗಿಲ್ಲ ತಾಯಿ. ನಿನಗೆ ಆಗದಿದ್ದರೆ ಬಿಚ್ಚಬೇಡ."

"ಅಳುವುದರಿಂದ ಬಾಗಿಲು ತೆರೆಯುವುದಿಲ್ಲ ಅರಸರೇ. ಅವತ್ತು ನಾನೂ ಅತ್ತಿದ್ದೆ" ಎಂದಳು ಸಂಕವ್ವ.

ಜಕ್ಕಲೆ ಮುಂದೆ ಬಂದಳು. "ಅಜ್ಜಿ, ಆ ಬಾಗಿಲು ಇನ್ನು ಇರುವುದಿಲ್ಲ. ಕೀಲು ಸಮೇತ ಕಿತ್ತುಹಾಕುತ್ತೇವೆ. ನಮ್ಮ ವೈದ್ಯರು ಇನ್ನು ಕೆರೆಯ ದಡದಲ್ಲಿ ಕೂರುತ್ತಾರೆ, ಯಾರು ಬಂದರೂ ನೋಡುತ್ತಾರೆ. ಆಳುವ ಮಾತನ್ನೂ ಅಲ್ಲೇ ಆಡೋಣ, ನಾಲ್ಕು ಕೇರಿಯವರೂ ಕೂತು. ನಾನೊಬ್ಬಳೇ ಹೂಂ ಅನ್ನುವುದು, ಊಹೂಂ ಅನ್ನುವುದು ಬೇಡ."

"ಇದೂ ಬರೀ ಮಾತೇ ಅಲ್ಲವಾ?" ಎಂದಳು ಸಂಕವ್ವ.

ಜಕ್ಕಲೆ ದಳವಾಯಿಯ ಕಡೆ ನೋಡಿದಳು. ಕೋಟೆಯ ಬೀಗದ ಕೈ ಯಾವಾಗಲೂ ಅವನ ಸೊಂಟದಲ್ಲೇ ಇರುತ್ತಿತ್ತು. ದಳವಾಯಿ ಸುತ್ತ ನೋಡಿದ. ಅರಸನನ್ನು ನೋಡಿದ, ಮುದುಕಿಯನ್ನು ನೋಡಿದ. ಬೀಗದ ಕೈ ಬಿಚ್ಚಿ ಬೆಟ್ಟದ ಕಂದರಕ್ಕೆ ಎಸೆದ. ಬಹಳ ಹೊತ್ತಿನ ಮೇಲೆ, ಎಲ್ಲೋ ಆಳದಲ್ಲಿ, ಟಿಣ್ ಎಂದಿತು.

ಸಂಕವ್ವ ಮತ್ತೆ ಎಳೆ ಹಿಡಿದಳು. ಆ ಮಾತನ್ನು ಕೊನೆಯವರೆಗೆ ಕೇಳಿದಳು. ಗಂಟು ಅವಳ ಬೆರಳಿಗೆ ಸಿಗಲಿಲ್ಲ. ಚೆನ್ನಿಗ ಪಕ್ಕದಲ್ಲಿ ಕೂತು ಅಜ್ಜಿಯ ಬೆರಳಿನ ಜೊತೆ ತನ್ನ ಬೆರಳು ಸೇರಿಸಿದ. "ಅವಳು ನನ್ನ ತಂಗಿಯೂ ಹೌದು" ಎಂದ. ಇಬ್ಬರೂ ಕೂಡಿ ಬಿಚ್ಚಿದರು.

ಗಾಳಿಕುದುರೆ ಕೊರಳು ಕೊಡವಿತು.

ಮೊದಲು ಎಲ್ಲರ ತಲೆಗೂದಲು ಮೆಲ್ಲಗೆ ಅಲ್ಲಾಡಿತು. ಗಾಳಿ ಏನೆಂದು ಅರಿಯದ ಮಕ್ಕಳು ಕೆನ್ನೆ ಮುಟ್ಟಿಕೊಂಡರು, ಯಾರು ಮುಟ್ಟಿದರು ಎಂದು ಹಿಂದೆ ತಿರುಗಿ ನೋಡಿದರು. ಆಮೇಲೆ ಕುದುರೆ ಹಾರಿತು. ಮಬ್ಬರಾಯ ಹಗ್ಗದ ತುದಿಗಾಗಿ ಕೈ ಚಾಚಿದ. ಹಗ್ಗವಿರಲಿಲ್ಲ. ಅವನ ನಿಲುವಂಗಿ ತೆಳ್ಳಗಾಯಿತು, ಗಡ್ಡ ತೆಳ್ಳಗಾಯಿತು. "ನಾನಿಲ್ಲದೆ ನೀವು ಹೇಗೆ..." ಎಂದ. ಮಾತು ಮುಗಿಯುವ ಮೊದಲೇ ಅವನು ಮುಗಿದಿದ್ದ.

ಕುದುರೆ ಕಣಿವೆಬಾಯನ್ನು ದಾಟಿದಾಗ ಕಲ್ಲಾಗಿ ನಿಂತವರು ಸೀನಿ ಎಚ್ಚರಗೊಂಡರು. ಕೊಟ್ಟವರೂ ಕೊಡಲ್ಪಟ್ಟವರೂ ಎದುರುಬದುರು ನಿಂತರು. ಅವರಿಗೆ ಮಾತಾಡಿಕೊಳ್ಳಲು ಬಹಳವಿತ್ತು. ಹುಲಿ ಮೈ ಮುರಿದು, ಆಕಳಿಸಿ, ಕಾಡಿಗೆ ಹೋಯಿತು. ಮಂಜಿನ ಗೋಡೆಗಳು ಹರಿದು ಚಿಂದಿಯಾಗಿ ಆಕಾಶಕ್ಕೆ ಏರಿದವು. ಜನ ಬೆಟ್ಟದ ಮೇಲಿಂದ ಕೆಳಗೆ ನೋಡಿದರು. ಕೆರೆ ಇಡಿಯಾಗಿ ಕಂಡಿತು, ನಾಲ್ಕೂ ದಡದೊಂದಿಗೆ. ಅಷ್ಟು ದೊಡ್ಡದೆಂದು ಕಿರಿಯರಿಗೆ ಗೊತ್ತಿರಲಿಲ್ಲ. ಹಿರಿಯರಿಗೆ ಮರೆತುಹೋಗಿತ್ತು. ಕೇತರಸ ಎದೆ ತುಂಬ ಉಸಿರೆಳೆದುಕೊಂಡ.

ಕೋಟೆಯ ಬಾಗಿಲನ್ನು ಕಿತ್ತರು. ವೈದ್ಯರು ಕೆರೆಯ ದಡಕ್ಕೆ ಬಂದರು. ಅಲ್ಲೇ ಸಭೆ ಸೇರತೊಡಗಿತು. ಒಬ್ಬರು ಆಡಿದ್ದನ್ನು ಇನ್ನೊಬ್ಬರ ನುಡಿಗೆ ತಿರುಗಿಸಿ ಹೇಳುವುದರಲ್ಲೇ ಬೆಳಗು ಕಳೆಯುತ್ತಿತ್ತು. ಬೇಸರ ಬಂದವರು ಸ್ವಲ್ಪ ಈಜಿ ಬರುತ್ತಿದ್ದರು. ಜಕ್ಕಲೆ ಚೆನ್ನಾಗಿ ಆಳಿದಳು ಎಂದು ಜನ ಹೇಳುತ್ತಿದ್ದರು. "ಆಳಿದ್ದು ನಾವು, ಅವಳು ಚೆನ್ನಾಗಿ ಕೇಳಿದಳು" ಎಂದು ಸಂಕವ್ವ ತಿದ್ದುತ್ತಿದ್ದಳು.

ಮಾಳವ್ವನಿಗೂ ಜಟ್ಟಿಗನಿಗೂ ಮದುವೆಯಾಯಿತು. ಗುಡ್ಡದವರ ನುಡಿಯಲ್ಲಿ ಒಪ್ಪಿಗೆಯ ಸಿಳ್ಳೆ ಹಾಕಬೇಕು ಎಂದು ಅವಳು ಹಟ ಹಿಡಿದಿದ್ದಳು. ಜಟ್ಟಿಗ ದಿನವೂ ಕಲಿತ. ಮಂಟಪದಲ್ಲಿ ಮಾತ್ರ ನಾಲಿಗೆ ತಪ್ಪಿ, "ಮಳೆ ಬಂತು, ಕುರಿ ಒಳಗೆ ಹಾಕಿ" ಎಂದು ಸಿಳ್ಳೆ ಹಾಕಿಬಿಟ್ಟ. ಗುಡ್ಡದವರೆಲ್ಲ ಎಲೆ ಬಿಟ್ಟು ಎದ್ದು ಓಡಿದರು. ಅವರೇಕೆ ಓಡಿದರೆಂದು ತಿಳಿಯದೆ, ಏನೋ ಕಷ್ಟವಿರಬೇಕು ಎಂದುಕೊಂಡು, ಮಡಕೆಯವರೂ ದೋಣಿಯವರೂ ಕೋಟೆಯವರೂ ಅವರ ಹಿಂದೆಯೇ ಓಡಿದರು. ಸಂಜೆಬಿಸಿಲಲ್ಲಿ ಇಡೀ ರಾಜ್ಯ ಗುಡ್ಡದ ತುಂಬ ಕುರಿ ಅಟ್ಟಿತು. ಗಾಳಿ ಎಲ್ಲರ ಸೆರಗನ್ನೂ ರುಮಾಲನ್ನೂ ಹಾರಿಸಿತು. ಕೊನೆಯ ಕುರಿಯೂ ದೊಡ್ಡಿ ಸೇರಿದಮೇಲೆ ಎಲ್ಲರೂ ಬಂದು ಮತ್ತೆ ಪಂಕ್ತಿಯಲ್ಲಿ ಕೂತರು. ಬಡಿಸಿದ್ದು ಆರಿತ್ತು, ಆದರೂ ಹೊಟ್ಟೆ ತುಂಬ ಉಂಡರು. ಅಂದಿನಿಂದ ಹಾಲ್ಗೆರೆಯಲ್ಲಿ ಅವರೆಲ್ಲ ನೆಮ್ಮದಿಯಿಂದ ಬಾಳಿದರು.